ಹೆಸರಿಲ್ಲದ ಕೆಲಸಕ್ಕೆ ಪಠ್ಯಕ್ರಮ

ಸಂಘಸಂಸ್ಥೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ. ಮೊದಲು ಕೆಲವರು ಸೇರಿದರು, ಬೈಲಾ ಬರೆದರು, ಪದಾಧಿಕಾರಿಗಳನ್ನು ಆರಿಸಿದರು, ನಿವೇಶನ ಸಿಕ್ಕಿತು, ಕಟ್ಟಡ ಎದ್ದಿತು. ಇಷ್ಟೆಲ್ಲ ಆದ ಮೇಲೆ ಸದಸ್ಯರ ಅನುಕೂಲಕ್ಕೆಂದು ತರಬೇತಿ ಶಿಬಿರಗಳೂ ಶುರುವಾದವು. ಸ್ಮರಣ ಸಂಚಿಕೆಯಲ್ಲಿ ಆ ಶಿಬಿರಗಳಿಗೆ ಸಿಗುವುದು ಕೊನೆಯ ಪುಟಗಳಲ್ಲೊಂದು ಪ್ಯಾರಾ, ಪಕ್ಕಕ್ಕೆ ಸಾಲಾಗಿ ನಿಂತವರ ಒಂದು ಗ್ರೂಪ್ ಫೋಟೋ. ಬೇರೆ ಸಂಘಗಳ ಮಟ್ಟಿಗೆ ಈ ಕ್ರಮ ಸರಿಯಿರಬಹುದು. ಕಟ್ಟಡಗಳನ್ನು ನಡೆಸಿ ನೋಡಿಕೊಳ್ಳುವ ಫೆಸಿಲಿಟಿ ಮ್ಯಾನೇಜರುಗಳ ಸಂಘದ ಚರಿತ್ರೆಯನ್ನು ಹೀಗೆ ಬರೆದರೆ ಅದು ತಲೆಕೆಳಗಾಗುತ್ತದೆ. ಇಲ್ಲಿ ತರಗತಿ ಮೊದಲು ಬಂತು, ಸಂಘ ಆಮೇಲೆ. ವೃತ್ತಿಯೊಂದು ಮೊದಲೇ ಇತ್ತು, ಅದರ ಮಂದಿಗೆ ಕಲಿಸಲು ಸಂಘ ಹೊರಟಿತು ಎನ್ನುವುದಕ್ಕಿಂತ, ಕಲಿಸಲು ಕೂತಾಗಲೇ ಆ ವೃತ್ತಿಗೆ ಒಂದು ಆಕಾರ ಬಂತು ಎನ್ನುವುದು ನಿಜಕ್ಕೆ ಹತ್ತಿರ. ಇದಕ್ಕೆ ಈ ಕ್ಷೇತ್ರದ ದೊಡ್ಡ ಸಂಘವಾದ ಇಂಟರ್‌ನ್ಯಾಷನಲ್ ಫೆಸಿಲಿಟಿ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್, ಅಂದರೆ ಇಫ್ಮಾ, ನಡೆದುಬಂದ ದಾರಿಯನ್ನೇ ಮುಖ್ಯ ಸಾಕ್ಷಿಯಾಗಿ ಇಟ್ಟುಕೊಳ್ಳುತ್ತೇನೆ.

ಆ ದಾರಿ ಶುರುವಾಗುವುದು 1978ರ ಡಿಸೆಂಬರಿನಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನಲ್ಲಿ. ಹರ್ಮನ್ ಮಿಲ್ಲರ್ ಎಂಬ ಪೀಠೋಪಕರಣ ಕಂಪನಿಯ ಸಂಶೋಧನಾ ವಿಭಾಗ ಅಲ್ಲೊಂದು ಸಮ್ಮೇಳನ ಕರೆದಿತ್ತು. ಕೆಲಸದ ಜಾಗಕ್ಕೂ ಕೆಲಸದ ಉತ್ಪಾದಕತೆಗೂ ಇರುವ ನಂಟು ಅದರ ವಿಷಯ. ಅಲ್ಲಿ ಮೂವರು ಭೇಟಿಯಾದರು: ಟೆಕ್ಸಾಸಿನ ಗ್ಯಾಸ್ ಪೈಪ್‌ಲೈನ್ ಕಂಪನಿಯೊಂದರ ಜಾರ್ಜ್ ಗ್ರೇವ್ಸ್, ಡೆಟ್ರಾಯಿಟ್‌ನ ಬ್ಯಾಂಕೊಂದರ ಚಾರ್ಲ್ಸ್ ಹಿಚ್, ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಆರ್ಮ್‌ಸ್ಟ್ರಾಂಗ್. ಪೈಪ್‌ಲೈನ್, ಬ್ಯಾಂಕು, ವಿಶ್ವವಿದ್ಯಾಲಯ: ಮೂರು ಸಂಸ್ಥೆಗಳ ಉದ್ದೇಶಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಮೂವರ ಮೇಜಿನ ಮೇಲೂ ಬಂದು ಬೀಳುತ್ತಿದ್ದ ತಾಪತ್ರಯಗಳು ಮಾತ್ರ ಒಂದೇ ಜಾತಿಯವು. ಮರುವರ್ಷ, 1979ರಲ್ಲಿ, ಹರ್ಮನ್ ಮಿಲ್ಲರ್ ಅದೇ ಊರಿನಲ್ಲಿ ಫೆಸಿಲಿಟಿ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ತೆರೆಯಿತು. ಅದು ಅಧ್ಯಯನ ಮಾಡಿ ಪಾಠ ಹೇಳುವ ಜಾಗ, ಸದಸ್ಯರ ಸಂಘವಲ್ಲ. ಸಂಘ ಬಂದದ್ದು ಇನ್ನೂ ಒಂದು ವರ್ಷದ ಮೇಲೆ: 1980ರ ಮೇ ತಿಂಗಳಲ್ಲಿ ಗ್ರೇವ್ಸ್ ಹ್ಯೂಸ್ಟನ್ನಿನಲ್ಲಿ ಕರೆದ ಸಭೆಯಲ್ಲಿ ಸುಮಾರು 40 ಮಂದಿ ಸೇರಿ ನ್ಯಾಷನಲ್ ಫೆಸಿಲಿಟಿ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಕಟ್ಟಿದರು. 1982ರಲ್ಲಿ ಕೆನಡಾದವರೂ ಸೇರಿದಾಗ ‘ನ್ಯಾಷನಲ್’ ಹೋಗಿ ‘ಇಂಟರ್‌ನ್ಯಾಷನಲ್’ ಆಯಿತು. ಪಕ್ಕದ ಒಂದೇ ದೇಶ ಸೇರಿದ್ದಕ್ಕೆ ಇಷ್ಟು ದೊಡ್ಡ ಹೆಸರೇ ಎಂದು ಆಗ ಕೆಲವರಿಗಾದರೂ ನಗು ಬಂದಿರಬೇಕು. ಇವತ್ತು ನೂರಕ್ಕೂ ಹೆಚ್ಚು ದೇಶಗಳಲ್ಲಿ ಸದಸ್ಯರಿರುವುದರಿಂದ ಹೆಸರು ತನ್ನ ಸಾಲ ತೀರಿಸಿಕೊಂಡಿದೆ.

ಇಲ್ಲಿಗೇ ಮೊದಲ ಆಕ್ಷೇಪ ಏಳುತ್ತದೆ. ಪಾಠ ಮೊದಲು ಬಂತು ಎನ್ನುತ್ತೀರಿ. ಆ ಪಾಠಕ್ಕೆ ದುಡ್ಡು ಹಾಕಿದ್ದು ಮೇಜು ಕುರ್ಚಿ ಮಾರುವ ಕಂಪನಿ, ಅದು ವ್ಯಾಪಾರದ ತಂತ್ರವಲ್ಲದೆ ಮತ್ತೇನು? ಆಕ್ಷೇಪದಲ್ಲಿ ಹುರುಳಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಇದೇ ಕಂಪನಿಯಲ್ಲಿ ರಾಬರ್ಟ್ ಪ್ರಾಪ್ಸ್ಟ್ ರೂಪಿಸಿದ ‘ಆ್ಯಕ್ಷನ್ ಆಫೀಸ್’ ಎಂಬ ಕಚೇರಿ ಪೀಠೋಪಕರಣ ವ್ಯವಸ್ಥೆ 1964ರಲ್ಲಿ ಮಾರುಕಟ್ಟೆಗೆ ಬಂದಿತ್ತು. 1968ರಲ್ಲಿ ಬಂದ ಅದರ ಎರಡನೆಯ ರೂಪವೇ ಮುಂದೆ ಜಗತ್ತಿನ ಕಚೇರಿಗಳನ್ನೆಲ್ಲ ತುಂಬಿದ ಕ್ಯೂಬಿಕಲ್‌ನ ಮೂಲ. ಇಟ್ಟಿಗೆ ಗೋಡೆಯ ಕೋಣೆಗಳಿದ್ದಾಗ ಕಚೇರಿಯ ನಕ್ಷೆ ಇಪ್ಪತ್ತು ವರ್ಷ ಹಾಗೇ ಇರುತ್ತಿತ್ತು. ಬಿಚ್ಚಿ ಜೋಡಿಸುವ ತಡಿಕೆಗಳು ಬಂದ ಮೇಲೆ ಅದು ಮೂರು ತಿಂಗಳಿಗೊಮ್ಮೆ ಬದಲಾಗತೊಡಗಿತು, ಪ್ರತಿ ಬದಲಾವಣೆಯ ಹಿಂದೆ ವಿದ್ಯುತ್ ತಂತಿ, ಟೆಲಿಫೋನ್ ತಂತಿ, ಸ್ವಲ್ಪ ಕಾಲಕ್ಕೆ ಕಂಪ್ಯೂಟರ್ ತಂತಿ, ಎಸಿ ಗಾಳಿಯ ದಿಕ್ಕು, ಬೆಂಕಿ ಬಿದ್ದರೆ ಹೊರಗೋಡುವ ದಾರಿ, ಎಲ್ಲವೂ ಅಲುಗಾಡಿದವು. ಇದನ್ನೆಲ್ಲ ನೋಡಿಕೊಳ್ಳಲು ಬಲ್ಲ ಮನುಷ್ಯನಿಲ್ಲದೆ ಕಂಪನಿಯ ಸರಕೂ ಖರ್ಚಾಗುವಂತಿರಲಿಲ್ಲ. ಹೀಗಾಗಿ ತನ್ನ ಗಿರಾಕಿಗೆ ಪಾಠ ಹೇಳುವುದು ಕಂಪನಿಗೆ ಲಾಭದ ಬಾಬತ್ತೇ. ಆದರೆ ಈ ಆಕ್ಷೇಪ ಮುಟ್ಟುವುದು ಹುಟ್ಟನ್ನು ಮಾತ್ರ. ಮುಂದಿನ ಬೆಳವಣಿಗೆ ಅದರ ಕೈಗೆ ಸಿಗುವುದಿಲ್ಲ. ಪಾಠ ಕೇಳಲು ಬಂದವರು ಎರಡೇ ವರ್ಷದೊಳಗೆ ಕಂಪನಿಯ ಸೂರಿನಿಂದ ಹೊರಬಂದು, ಬೇರೆ ಊರಿನಲ್ಲಿ, ತಮ್ಮದೇ ಚಂದಾ ಹಾಕಿ ಸಂಘ ಕಟ್ಟಿಕೊಂಡರು. ಮಾರಾಟದ ಮಾತು ಕೇಳಿ ಬಂದವರು ಹಾಗೆ ಮಾಡುವುದಿಲ್ಲ. ತಮಗೆ ಬೇಕಾದದ್ದೇನು ಎಂಬುದು ಅಲ್ಲಿ ಮೊದಲ ಸಲ ಹೊಳೆದವರು ಮಾಡುತ್ತಾರೆ.

ಇನ್ನೊಂದು ಆಕ್ಷೇಪ ಚರಿತ್ರೆಯ ಕಡೆಯಿಂದ ಬರಬಹುದು, ಅದು ಇದಕ್ಕಿಂತ ಗಟ್ಟಿ. ಅಮೆರಿಕದಲ್ಲಿ ಕಟ್ಟಡಗಳಿಗೆ ಸಂಬಂಧಪಟ್ಟ ಸಂಘಗಳು 1980ಕ್ಕಿಂತ ಎಷ್ಟೋ ಮೊದಲೇ ಇದ್ದವು. ಬಾಡಿಗೆ ಕಟ್ಟಡಗಳ ಮಾಲೀಕರು ಮತ್ತು ಅವರ ಮ್ಯಾನೇಜರುಗಳ ಸಂಘ, ಈಗ ಬೋಮಾ ಎಂದು ಕರೆಯುವುದು, 1907ರಷ್ಟು ಹಳೆಯದು. ಅದರ ಶಿಕ್ಷಣ ಸಂಸ್ಥೆ ಬೋಮಿ ಹುಟ್ಟಿದ್ದು 1970ರಲ್ಲಿ. ಅಲ್ಲಿ ಸಂಘ ಮೊದಲು, ಪಾಠ 63 ವರ್ಷಗಳ ಮೇಲೆ. ನನ್ನ ವಾದಕ್ಕೆ ನೇರ ವಿರುದ್ಧ. ಆದರೆ ವ್ಯತ್ಯಾಸ ಎಲ್ಲಿದೆ ನೋಡಬೇಕು. ಆ ಸಂಘದ ತೂಕವೆಲ್ಲ ಮಾಲೀಕರದು. ಮಾಲೀಕನಿಗೆ ಸಭೆಯಲ್ಲಿ ಕುರ್ಚಿ ಕೊಡಿಸುವುದು ಅವನ ಸ್ವತ್ತು; ಅವನಿಗೆ ಏನು ಗೊತ್ತು ಎಂದು ಯಾರೂ ಕೇಳುವುದಿಲ್ಲ. ತೆರಿಗೆ, ಬಾಡಿಗೆ, ನಗರಸಭೆಯ ಕಾಯಿದೆ, ಇವುಗಳ ಬಗ್ಗೆ ಒಟ್ಟಾಗಿ ದನಿ ಎತ್ತಲು ಅವನಿಗೆ ಸಂಘ ಬೇಕು, ಪಾಠ ತಡವಾದರೂ ನಷ್ಟವಿಲ್ಲ. ಕಟ್ಟಡ ತನ್ನದಲ್ಲದಿದ್ದರೂ ಅದನ್ನು ನಡೆಸಬೇಕಾದವನ ಬಳಿ ಇರುವುದು ತಿಳಿವಳಿಕೆ ಒಂದೇ. ಇದಕ್ಕೆ ಇನ್ನೊಂದು ಹಳೆಯ ಸಾಕ್ಷಿ ಇದೆ. 1914ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಕಟ್ಟಡ ಮತ್ತು ಮೈದಾನಗಳ ಮೇಲ್ವಿಚಾರಕರು ಶಿಕಾಗೋದಲ್ಲಿ ಸೇರಿದರು. ಇಂದಿನ ಆ್ಯಪಾ ಸಂಘದ ಬೇರು ಅದು. ಅವರಾರೂ ಮಾಲೀಕರಲ್ಲ, ಪ್ರೊಫೆಸರರೂ ಅಲ್ಲ. ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಬೇಕಾದವರು, ಯಾರ ಲೆಕ್ಕಕ್ಕೂ ಇಲ್ಲದವರು. ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುವುದನ್ನು ಬಿಟ್ಟರೆ ಅಂಥವರು ಕೂಡಿ ಮಾಡಬಹುದಾದ ಕೆಲಸ ಹೆಚ್ಚೇನಿರಲಿಲ್ಲ.

ಅಷ್ಟು ಕಲಿಯುವುದಕ್ಕೆ ಅಲ್ಲೇನಿದೆ, ನಲ್ಲಿ ಸೋರಿದರೆ ಪ್ಲಂಬರನ್ನು ಕರೆಯುವುದು, ಬಲ್ಬು ಸುಟ್ಟರೆ ಬದಲಿಸುವುದು, ಇಷ್ಟೇ ತಾನೆ ಎಂಬ ಅಸಡ್ಡೆ ಈಗಲೂ ಇದೆ. 1970ರ ದಶಕ ಇದಕ್ಕೆ ಉತ್ತರ ಕೊಟ್ಟ ರೀತಿ ಕಠೋರವಾಗಿತ್ತು. 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು; ಬಂದವರಲ್ಲಿ, ಆಸುಪಾಸಿನಲ್ಲಿ ಓಡಾಡಿದವರಲ್ಲಿ 34 ಮಂದಿ ನ್ಯುಮೋನಿಯಾದಂಥ ಕಾಯಿಲೆಯಿಂದ ಸತ್ತರು. ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾದದ್ದು 1977ರ ಜನವರಿಯಲ್ಲಿ. ಲೀಜಿಯೊನೆಲ್ಲಾ ಎಂದು ಹೆಸರಾದ ಅದು ಬೆಚ್ಚನೆಯ ನಿಂತ ನೀರಿನಲ್ಲಿ ಬೆಳೆಯುತ್ತದೆ, ಎಸಿಯ ಬಿಸಿಯನ್ನು ಹೊರಹಾಕುವ ಕೂಲಿಂಗ್ ಟವರಿನಿಂದ ಹಾರುವ ಹನಿಗಳ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂದರೆ ತಾರಸಿಯ ಮೇಲಿನ ಯಂತ್ರಕ್ಕೆ ಯಾವ ನೀರು ಬಿಡುತ್ತೀರಿ, ಯಾವಾಗ ತೊಳೆಯುತ್ತೀರಿ ಎಂಬುದು ಕೆಳಗಿರುವವರ ಜೀವದ ಪ್ರಶ್ನೆ. ಇನ್ನೊಂದು ಪಾಠ ಗಾಳಿಯದು. 1973ರ ತೈಲ ಬಿಕ್ಕಟ್ಟಿನ ಮೇಲೆ ಇಂಧನ ಉಳಿಸಲು ಕಚೇರಿಗಳ ಕಿಟಕಿಗಳನ್ನು ಭದ್ರವಾಗಿ ಮುಚ್ಚಿದರು. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆ್ಯಶ್ರೇ 1981ರಲ್ಲಿ ಹಾಕಿಕೊಟ್ಟ ಮಾನದಂಡದಲ್ಲಿ, ಹೊಗೆ ಸೇದದ ಕಚೇರಿಯಲ್ಲಿ ತಲೆಗೆ ನಿಮಿಷಕ್ಕೆ 5 ಘನ ಅಡಿ ಹೊರಗಾಳಿ ಸಾಕು ಎಂದಿತ್ತು. ಜನಕ್ಕೆ ತಲೆನೋವು, ಕಣ್ಣುರಿ ಶುರುವಾಯಿತು. ಹೊಸದಾಗಿ ಕಟ್ಟಿದ, ನವೀಕರಿಸಿದ ಕಟ್ಟಡಗಳಲ್ಲಿ ಶೇಕಡಾ 30ರವರೆಗೆ ಇಂಥ ದೂರುಗಳಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 1984ರ ವರದಿ ಅಂದಾಜು ಮಾಡಿತು. 1989ರಲ್ಲಿ ಅದೇ ಆ್ಯಶ್ರೇ ಕಚೇರಿಗೆ 20 ಘನ ಅಡಿ ಬೇಕು ಎಂದು ತಿದ್ದಿತು. ಎಂಟು ವರ್ಷದಲ್ಲಿ ಸರಿಯಾದ ಉತ್ತರ ನಾಲ್ಕು ಪಟ್ಟಾಯಿತು! 1981ರ ಪಾಠವನ್ನು ಚೆನ್ನಾಗಿ ಬಾಯಿಪಾಠ ಮಾಡಿಕೊಂಡು ಅಲ್ಲಿಗೇ ನಿಂತವನು 1990ರಲ್ಲಿ ತನ್ನ ಕಟ್ಟಡದವರಿಗೆ ಕೆಡುಕನ್ನೇ ಮಾಡುತ್ತಿದ್ದ.

ಇದೇ ಹೊತ್ತಿಗೆ, ಎಸಿಗೆ ನೀರು ತಣಿಸಿಕೊಡುವ ಚಿಲ್ಲರುಗಳ ಹೊಟ್ಟೆಯೊಳಗಿನ ಅನಿಲವೂ ಪ್ರಶ್ನೆಯಾಯಿತು. 1987ರ ಮಾಂಟ್ರಿಯಲ್ ಒಪ್ಪಂದ ಮತ್ತು ಅದರ ಮುಂದಿನ ತಿದ್ದುಪಡಿಗಳ ಫಲವಾಗಿ, ದೊಡ್ಡ ಕಟ್ಟಡಗಳ ಚಿಲ್ಲರುಗಳಲ್ಲಿ ಬಳಕೆಯಲ್ಲಿದ್ದ ಸಿಎಫ್‌ಸಿ ಅನಿಲಗಳ ತಯಾರಿಕೆ ಮುಂದುವರಿದ ದೇಶಗಳಲ್ಲಿ 1995ರ ಕೊನೆಗೆ ನಿಂತಿತು. ಇರುವ ಯಂತ್ರಕ್ಕೆ ಬೇರೆ ಅನಿಲ ಒಗ್ಗಿಸುವುದೋ, ಯಂತ್ರವನ್ನೇ ಬದಲಿಸುವುದೋ, ಉಳಿದ ಅನಿಲವನ್ನು ಕೂಡಿಟ್ಟು ಇನ್ನಷ್ಟು ವರ್ಷ ದೂಡುವುದೋ? ಇದರಲ್ಲಿ ಎಂಜಿನಿಯರಿಂಗ್ ಇದೆ, ಕಾನೂನು ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಲೆಕ್ಕಪತ್ರವಿದೆ. ಹಣಕಾಸು ವಿಭಾಗದ ಮುಂದೆ ನಿಂತು, ಹತ್ತು ವರ್ಷದ ವಿದ್ಯುತ್ ಬಿಲ್ಲನ್ನೂ ಇವತ್ತಿನ ಬಂಡವಾಳವನ್ನೂ ಒಂದೇ ಹಾಳೆಯ ಮೇಲೆ ತೂಗಿ ತೋರಿಸಲು ಬಾರದಿದ್ದರೆ ಯಂತ್ರದ ಬಗ್ಗೆ ಎಷ್ಟು ಗೊತ್ತಿದ್ದರೂ ಪ್ರಯೋಜನವಿಲ್ಲ. ಐಟಿಐ ಕಲಿತವನಿಗೆ ಈ ಲೆಕ್ಕ ಬರುವುದಿಲ್ಲ, ಎಂಬಿಎ ಮಾಡಿದವನಿಗೆ ಚಿಲ್ಲರ್ ಗೊತ್ತಿಲ್ಲ. ಹೊಸ ವೃತ್ತಿ ನಿಂತದ್ದು ಈ ಎರಡರ ನಡುವಿನ ಸಂದಿನಲ್ಲಿ.

ಸಂದಿನಲ್ಲಿ ನಿಂತ ಕೆಲಸವನ್ನು ಕಲಿಸುವುದು ಹೇಗೆ? ಮೊದಲು ಅದೇನೆಂದು ಬರೆಯಬೇಕು. ಇಫ್ಮಾದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಬರವಣಿಗೆ. ಸಮ್ಮೇಳನಗಳೂ ಪ್ರದರ್ಶನಗಳೂ ಅದರ ಮುಂದೆ ಸಣ್ಣವು. ಕೆಲಸ ಮಾಡುತ್ತಿರುವವರನ್ನೇ ಕೇಳಿ, ಅವರು ದಿನವೂ ಏನು ಮಾಡುತ್ತಾರೆ, ಅದಕ್ಕೆ ಏನು ತಿಳಿದಿರಬೇಕು, ಯಾವುದು ತಪ್ಪಿದರೆ ಅನಾಹುತ ಎಂದು ವಿಂಗಡಿಸುವ ಕ್ರಮವನ್ನು ಸಂಘ ರೂಢಿಸಿಕೊಂಡಿತು. ಈ ಬುನಾದಿಯ ಮೇಲೆ 1992ರಲ್ಲಿ ‘ಸರ್ಟಿಫೈಡ್ ಫೆಸಿಲಿಟಿ ಮ್ಯಾನೇಜರ್’ ಪರೀಕ್ಷೆ, ಅಂದರೆ ಸಿಎಫ್‌ಎಂ, ಬಂತು. 2009ರಲ್ಲಿ ಈ ಕೆಲಸದ ವಿಶ್ಲೇಷಣೆಯನ್ನು ಜಾಗತಿಕವಾಗಿ ಮಾಡಿದಾಗ 62 ದೇಶಗಳವರು ಉತ್ತರಿಸಿದರು. ಆಗ ಮೂಡಿದ್ದು ಹನ್ನೊಂದು ಸಾಮರ್ಥ್ಯಗಳ ಪಟ್ಟಿ. ಅದರಲ್ಲಿ ನಿರ್ವಹಣೆ, ದುರಸ್ತಿಗೆ ಸಿಕ್ಕಿದ್ದು ಹನ್ನೊಂದರಲ್ಲಿ ಒಂದೇ ಮನೆ. ಉಳಿದವು ಹಣಕಾಸು, ಸಂವಹನ, ಮುಂದಾಳುತನ, ಯೋಜನಾ ನಿರ್ವಹಣೆ, ಸ್ಥಿರಾಸ್ತಿ, ಪರಿಸರ, ತುರ್ತು ಸಿದ್ಧತೆ, ತಂತ್ರಜ್ಞಾನ, ಗುಣಮಟ್ಟ, ಕಟ್ಟಡದೊಳಗೆ ಕೂರುವ ಮನುಷ್ಯರ ಅಗತ್ಯ. ಅನುಭವ ಇನ್ನೂ ಮಾಗದವರಿಗೆಂದು ಎಫ್‌ಎಂಪಿ ಎಂಬ ಕೋರ್ಸನ್ನೂ, ಪರಿಸರದ ವಿಷಯಕ್ಕೆಂದೇ ಎಸ್‌ಎಫ್‌ಪಿಯನ್ನೂ ಸಂಘ ಸೇರಿಸಿತು. ಎಫ್‌ಎಂಪಿಯಲ್ಲಿ ಕೂತು ಕಲಿಯಬೇಕು. ಸಿಎಫ್‌ಎಂ ಅಳೆಯುವುದು ಕೆಲಸದಲ್ಲಿ ಗಳಿಸಿದ ತಿಳಿವಳಿಕೆಯನ್ನು. ಆ ಪ್ರಮಾಣಪತ್ರವೂ ಮೂರು ವರ್ಷದ್ದು ಮಾತ್ರ. ಮುಂದುವರಿದ ಕಲಿಕೆಯ ಲೆಕ್ಕ ತೋರಿಸಿ ನವೀಕರಿಸಿಕೊಳ್ಳಬೇಕು. 5 ಘನ ಅಡಿ 20 ಆದ ಕಥೆ ನೆನಪಿದ್ದವರಿಗೆ ಮೂರು ವರ್ಷ ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ವಿಶ್ವವಿದ್ಯಾಲಯಗಳು ಇದನ್ನು ಕಲಿಸಬಾರದಿತ್ತೇ, ಸಂಘವೇ ಯಾಕೆ ಎಂದು ಕೇಳಬಹುದು. ಕಲಿಸಿದವು, ಈಗಲೂ ಕಲಿಸುತ್ತಿವೆ. ಕಾರ್ನೆಲ್‌ನಂಥ ಕಡೆ ಒಳ್ಳೆಯ ಸಂಶೋಧನೆ ನಡೆದಿದೆ. ಆದರೆ ಪದವಿ ಸಿಗುವುದು ಇಪ್ಪತ್ತೆರಡನೆಯ ವಯಸ್ಸಿಗೆ, ಬಹಳ ಮಂದಿ ಈ ಕೆಲಸಕ್ಕೆ ಬಂದು ಬೀಳುವುದು ಮೂವತ್ತೈದು ನಲವತ್ತಕ್ಕೆ. ಒಬ್ಬರು ಎಲೆಕ್ಟ್ರಿಕಲ್ ವಿಭಾಗದಿಂದ ಬಂದವರು, ಇನ್ನೊಬ್ಬರು ಹೋಟೆಲಿನಿಂದ, ಮತ್ತೊಬ್ಬರು ಸೈನ್ಯದಿಂದ ನಿವೃತ್ತರಾಗಿ, ಇನ್ನೂ ಒಬ್ಬರು ‘ಅಡ್ಮಿನ್ ನೀವೇ ನೋಡಿಕೊಳ್ಳಿ’ ಎಂದು ಒಂದು ಬೆಳಿಗ್ಗೆ ಹೇಳಿಸಿಕೊಂಡು. ಈ ನಾಲ್ವರಲ್ಲಿ ಪ್ರತಿಯೊಬ್ಬರಿಗೂ ಕಟ್ಟಡದ ಕಾಲು ಭಾಗ ಚೆನ್ನಾಗಿ ಗೊತ್ತು, ಮುಕ್ಕಾಲು ಭಾಗ ಗೊತ್ತಿಲ್ಲ. ಆ ಮುಕ್ಕಾಲು ಒಬ್ಬೊಬ್ಬರಿಗೂ ಬೇರೆ ಬೇರೆ. ನಡುವಯಸ್ಸಿನಲ್ಲಿ, ಕೆಲಸ ಬಿಡದೆ, ತನ್ನ ಕೊರತೆ ಎಲ್ಲಿದೆಯೋ ಅಲ್ಲಿಗೆ ಮಾತ್ರ ತೇಪೆ ಹಾಕುವ ಶಿಕ್ಷಣ ವಿಶ್ವವಿದ್ಯಾಲಯದ ಸೆಮಿಸ್ಟರ್ ಪದ್ಧತಿಗೆ ಹೊಂದುವುದಿಲ್ಲ.

ಪ್ರಮಾಣಪತ್ರಗಳ ಬಗ್ಗೆ ಇರುವ ಹಳೆಯ ಅನುಮಾನವನ್ನೂ ಎದುರಿಸಬೇಕು. ಇವೆಲ್ಲ ಒಳಗಿದ್ದವರು ಹೊರಗಿನವರಿಗೆ ಹಾಕುವ ಬೇಲಿ, ಜೊತೆಗೆ ಸಂಘದ ಬೊಕ್ಕಸಕ್ಕೆ ಆದಾಯ ಎಂಬ ಮಾತು. ಆದಾಯ ನಿಜ, ಶುಲ್ಕ ದುಬಾರಿಯೆಂಬುದೂ ನಿಜ, ಡಾಲರಿನಲ್ಲಿ ಕಟ್ಟಬೇಕಾದವರಿಗೆ ಇನ್ನೂ ನಿಜ. ಬೇಲಿಯ ಮಾತು ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಬೇಲಿಗೆ ಕಾನೂನಿನ ಗೂಟ ಬೇಕು. ವೈದ್ಯನಂತೆ, ವಕೀಲನಂತೆ ಫೆಸಿಲಿಟಿ ಮ್ಯಾನೇಜರಿಗೆ ಸರ್ಕಾರಗಳು ಸಾಮಾನ್ಯವಾಗಿ ಸನ್ನದು ಕೊಡುವುದಿಲ್ಲ. ನಮ್ಮಲ್ಲೇ ನೋಡಿ: ಬಾಯ್ಲರ್ ನೋಡಿಕೊಳ್ಳುವ ಅಟೆಂಡೆಂಟ್ ಪರೀಕ್ಷೆ ಪಾಸು ಮಾಡಿರಬೇಕು, ವೈರ್‌ಮನ್‌ಗೆ ಪರ್ಮಿಟ್ ಬೇಕು, 2001ರ ಇಂಧನ ಸಂರಕ್ಷಣಾ ಕಾಯಿದೆಯ ಪ್ರಕಾರ ಹೆಚ್ಚು ಇಂಧನ ಬಳಸುವವರೆಂದು ಸರ್ಕಾರ ಗುರುತಿಸಿದ ಸಂಸ್ಥೆಗಳು ಅರ್ಹತೆಯುಳ್ಳ ಎನರ್ಜಿ ಮ್ಯಾನೇಜರನ್ನು ನೇಮಿಸಬೇಕು. ಇವರೆಲ್ಲರ ಕೆಲಸವನ್ನು ಒಟ್ಟುಗೂಡಿಸಿ ಇಡೀ ಕಟ್ಟಡವನ್ನು ನಡೆಸುವವರಿಗೆ ಮಾತ್ರ ಏನೂ ಬೇಕಾಗಿಲ್ಲ. ಬಿಡಿಭಾಗಗಳಿಗೆ ಪರೀಕ್ಷೆ, ಇಡಿಗೆ ಇಲ್ಲ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕಟ್ಟಡಗಳ ಮಟ್ಟಿಗೆ ಈ ಕೊರತೆಯನ್ನು ತುಂಬುವ ಕಾಯಿದೆ ಬಂದದ್ದು 2010ರ ಡಿಸೆಂಬರಿನಲ್ಲಿ. ಕಟ್ಟಡ ನೋಡಿಕೊಳ್ಳುವ ಸಿಬ್ಬಂದಿಗೆ ಯಾವ ಸಾಮರ್ಥ್ಯಗಳಿರಬೇಕೆಂದು ಗೊತ್ತುಮಾಡಬೇಕು, ಅದನ್ನು ವೃತ್ತಿ ಸಂಘಗಳನ್ನೂ ಕೇಳಿ ಮಾಡಬೇಕು ಎಂದು ಅದು ಹೇಳಿತು. ಹ್ಯೂಸ್ಟನ್ನಿನ ಸಭೆಯಾಗಿ ಮೂವತ್ತು ವರ್ಷಗಳಾಗಿದ್ದವು. ಅಷ್ಟೂ ಕಾಲ ಪರೀಕ್ಷೆಗೆ ಕೂತವರು ಕಾನೂನಿನ ಭಯಕ್ಕೆ ಕೂತವರಲ್ಲ.

ಬೆಂಗಳೂರಿಗೂ ಈ ಪಠ್ಯಕ್ರಮಕ್ಕೂ ಇರುವ ಕೊಂಡಿ ಕಟ್ಟಡಗಳ ಮೂಲಕವೇ ಬಂದದ್ದು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ್ದು, ಕಾಕತಾಳೀಯವಾಗಿ, ಅದೇ 1978ರಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನಗರಕ್ಕೆ ಕಾಲಿಟ್ಟದ್ದು 1985ರಲ್ಲಿ. ಆಮೇಲೆ ಬಂದ ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಕಚೇರಿ ಹೇಗಿರಬೇಕೆಂಬ ನಿಯಮಾವಳಿಯನ್ನೂ, ಅದನ್ನು ನಡೆಸುವವರ ಹುದ್ದೆಯ ಹೆಸರನ್ನೂ ಹೊತ್ತು ತಂದವು. ಹಿಂದೆ ಎಸ್ಟೇಟ್ ಆಫೀಸರ್, ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದವರ ವಿಸಿಟಿಂಗ್ ಕಾರ್ಡಿನ ಮೇಲೆ ಫೆಸಿಲಿಟಿ ಮ್ಯಾನೇಜರ್ ಎಂದು ಅಚ್ಚಾಯಿತು. ಹೊರಗಿನ ಪಠ್ಯ ಇಲ್ಲಿಗೆ ಪೂರ್ತಿ ಹೊಂದುತ್ತದೆ ಎಂದು ಯಾರೂ ಹೇಳಲಾರರು. ಟ್ಯಾಂಕರ್ ನೀರು, ದಿನಕ್ಕೆ ಹಲವು ಸಲ ಓಡಬೇಕಾಗುವ ಡೀಸೆಲ್ ಜನರೇಟರ್, ಕೊಳಚೆ ಶುದ್ಧೀಕರಣ ಘಟಕದ (ಎಸ್‌ಟಿಪಿ) ನೀರನ್ನು ಫ್ಲಶ್ಶಿಗೂ ತೋಟಕ್ಕೂ ತಿರುಗಿಸುವುದು, ಒಂದೇ ಕಟ್ಟಡದಲ್ಲಿ ನಾಲ್ಕಾರು ಗುತ್ತಿಗೆದಾರರ ಆಳುಗಳು, ಇವು ಹ್ಯೂಸ್ಟನ್ನಿನ ಪುಸ್ತಕದಲ್ಲಿ ಮುಖ್ಯ ಅಧ್ಯಾಯಗಳಲ್ಲ. ಆದರೂ ಚೌಕಟ್ಟು ಬೇಕೇ ಬೇಕು ಎಂಬುದಕ್ಕೆ ನಗರ ತೆತ್ತ ಬೆಲೆಯೇ ಸಾಕ್ಷಿ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. ಹೊಗೆ ಯಾವ ಕೊಳವೆಯಲ್ಲಿ ಏರುತ್ತದೆ, ತುರ್ತು ಬಾಗಿಲ ಬೀಗದ ಕೈ ಯಾರ ಬಳಿ ಇದೆ, ಅಣಕು ಕಾರ್ಯಾಚರಣೆ ಕೊನೆಯ ಸಲ ಯಾವಾಗ ಆಯಿತು, ಇವನ್ನು ಕೇಳಿಕೊಳ್ಳುವ ಅಭ್ಯಾಸ ಪಾಠದಿಂದ ಬರುವಂಥದು.

ಉಳಿದಿರುವ ಒಂದು ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಈ ತರಬೇತಿಯೆಲ್ಲ ಮ್ಯಾನೇಜರ್ ಮಟ್ಟದಲ್ಲಿ ನಿಂತುಹೋಗುತ್ತದೆ, ನೆಲಮಾಳಿಗೆಯ ಪ್ಯಾನೆಲ್ ರೂಮಿಗೆ, ಹೌಸ್‌ಕೀಪಿಂಗ್‌ನವರ ಪಾಳಿಗೆ ಇಳಿಯುವುದಿಲ್ಲ ಎಂಬುದು ಅದು. ಸಂಘವೆಂದರೆ ಸದಸ್ಯರದು, ಸದಸ್ಯರೆಂದರೆ ಚಂದಾ ಕಟ್ಟಬಲ್ಲವರು. ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆಯ ಕೆಳಗೆ ದುಡಿಯುವ ಕೆಲಸಗಾರ ಯಾವ ಸಂಘದ ಪಟ್ಟಿಯಲ್ಲೂ ಇರುವುದಿಲ್ಲ. ಬ್ರಿಟನ್ನಿನ ಸಂಘ ಈ ಕಡೆ ಸ್ವಲ್ಪ ಹೆಚ್ಚು ಯೋಚಿಸಿದೆ. 1993ರಲ್ಲಿ ಬಿಐಎಫ್‌ಎಂ ಆಗಿ ಕೂಡಿಕೊಂಡು 2018ರಲ್ಲಿ ಐಡಬ್ಲ್ಯುಎಫ್‌ಎಂ ಎಂದು ಹೆಸರು ಬದಲಿಸಿಕೊಂಡ ಅದು ತನ್ನ ಅರ್ಹತಾ ಪರೀಕ್ಷೆಗಳನ್ನು ಆ ದೇಶದ ಅಧಿಕೃತ ಶಿಕ್ಷಣ ಮಟ್ಟಗಳಿಗೆ ಜೋಡಿಸಿ, ಎರಡನೆಯ ಮಟ್ಟದಿಂದಲೇ ಮೆಟ್ಟಿಲು ಇಟ್ಟಿದೆ. ಮೇಲ್ವಿಚಾರಕನ ಕೆಲಸಕ್ಕೆ ಈಗಷ್ಟೇ ಬಂದವನೂ ಹತ್ತಬಹುದು. ಅದಕ್ಕಿಂತ ಕೆಳಗಿನವರಿಗೆ ಅಲ್ಲೂ ಮೆಟ್ಟಿಲಿಲ್ಲ. 2020ರಲ್ಲಿ ತಿಂಗಳುಗಟ್ಟಲೆ ಮುಚ್ಚಿದ್ದ ಕಚೇರಿಗಳು ಮತ್ತೆ ತೆರೆಯುವ ಹೊತ್ತಿಗೆ 1976ರ ಬ್ಯಾಕ್ಟೀರಿಯಾದ ಭಯ ಮರಳಿತು, ಕೊಳವೆಗಳಲ್ಲಿ ನಿಂತ ನೀರನ್ನು ಹೊರಬಿಡದೆ ಯಾರನ್ನೂ ಒಳಗೆ ಬಿಡಬೇಡಿ ಎಂಬ ಸೂಚನೆಗಳು ಹೊರಟವು. ಆ ಸೂಚನೆ ಮೇಲಿನವರ ಕೈಗೆ ಬೇಗ ತಲುಪಿತು, ಅದರ ಕಾರಣವೂ ಅವರಿಗೆ ಗೊತ್ತಿತ್ತು. ಮಹಡಿ ಮಹಡಿಗೂ ಹೋಗಿ ಒಂದೊಂದೇ ನಲ್ಲಿ ತಿರುಗಿಸಿ, ಏಳುವ ಹನಿಗೆ ಮುಖವೊಡ್ಡಿ ನಿಂತವರು ಬೇರೆಯವರು.